ಬಾನೆಟ್ ತಣ್ಣಗಿರಲಿ

ದನದ ಸಂತೆಯಲ್ಲಿ ಎತ್ತು ಕೊಳ್ಳಲು ಬಂದವನು ಮೊದಲು ಬಾಯಿ ತೆರೆಸಿ ಹಲ್ಲು ಎಣಿಸುತ್ತಾನೆ. ಎರಡು ಹಲ್ಲು, ನಾಲ್ಕು ಹಲ್ಲು, ಆರು ಹಲ್ಲು, ಬಾಯಿಗೂಡಿದ್ದು. ಮಾರುವವನು ಬಾಯಲ್ಲಿ ಏನೇ ಹೇಳಲಿ, ಹಲ್ಲು ಹೇಳಿದ್ದೇ ವಯಸ್ಸು. ಆಮೇಲೆ ಸುಳಿ ನೋಡುತ್ತಾನೆ, ಗೊರಸು ನೋಡುತ್ತಾನೆ, ನಾಲ್ಕು ಹೆಜ್ಜೆ ನಡೆಸುತ್ತಾನೆ. ಕೊನೆಗೆ ಟವೆಲ್ ಕೆಳಗೆ ಬೆರಳು ಹಿಡಿದು ವ್ಯಾಪಾರ. ಬಳ್ಳಾರಿ, ರಾಯಚೂರು, ಕೊಪ್ಪಳದ ಕಡೆ ಹಳೆ ಕಾರು ನೋಡಲು ಬರುವವರದ್ದು ಇದೇ ಕಣ್ಣು. ಕಾರಿನ ಹಲ್ಲು ಎಲ್ಲಿದೆ ಅಂತ ಅವರಿಗೆ ಗೊತ್ತು: ಟಯರಿನ ಪಕ್ಕೆಯಲ್ಲಿ, ಡಿಒಟಿ ಎಂಬ ಅಕ್ಷರಗಳಿಂದ ಶುರುವಾಗುವ ಸಾಲಿನ ಕೊನೆಯ ನಾಲ್ಕು ಅಂಕಿ. 2319 ಅಂದರೆ 2019ರ 23ನೇ ವಾರ ತಯಾರಾದ ಟಯರು.

ಮೀಟರಿನಲ್ಲಿ 30 ಸಾವಿರ ಕಿ.ಮೀ. ತೋರಿಸುವ 2019ರ ಗಾಡಿಗೆ 2022ರ ನಾಲ್ಕು ಟಯರು ಇದ್ದರೆ ನೋಡುವವನ ಮುಖ ಬದಲಾಗುತ್ತದೆ. ಕಂಪನಿಯಿಂದ ಬಂದ ಟಯರು ಸಾಮಾನ್ಯವಾಗಿ 40 ಸಾವಿರ ಕಿ.ಮೀ. ದಾಟುತ್ತದೆ. ಇದಕ್ಕೆ ಮೊದಲೇ ಯಾಕೆ ಹೋಯಿತು? ಮೀಟರ್ ತಿರುಗಿಸಿದ್ದಾರೋ? ನಿಜವಾದ ಕಾರಣ ಬೇರೆ ಇರಬಹುದು. ಚಕ್ರಗಳ ಅಲೈನ್‌ಮೆಂಟ್ ಕೆಟ್ಟು ಒಂದೇ ಕಡೆ ಸವೆದಿರಬಹುದು, ಗುಂಡಿಗೆ ಬಿದ್ದು ಪಕ್ಕೆ ಉಬ್ಬಿರಬಹುದು. ಆದರೆ ಬಿಲ್ಲು ತೋರಿಸದ ಹೊರತು ಕೊಳ್ಳುವವನು ಟಯರಿನ ಬೆಲೆಯನ್ನಷ್ಟೇ ಕಳೆದು ಸುಮ್ಮನಾಗುವುದಿಲ್ಲ. ಇಡೀ ಗಾಡಿಯ ಮೇಲೆ ನಲವತ್ತು ಐವತ್ತು ಸಾವಿರ ಇಳಿಸಿ ಕೇಳುತ್ತಾನೆ. ಸಸ್ಪೆನ್ಷನ್ನಿನ ಸವೆದ ರಬ್ಬರ್ ಬುಷ್‌ಗೆ ಒಂದು ರೇಟಿದೆ, ಸೋರುವ ಶಾಕ್ ಅಬ್ಸಾರ್ಬರ್‌ಗೆ ಒಂದು ರೇಟಿದೆ. ಅನುಮಾನಕ್ಕೆ ರೇಟು ಕಟ್ಟಿದವರಿಲ್ಲ, ಎಷ್ಟಾದರೂ ಇಳಿಸಬಹುದು. ಹಳೆ ಗಾಡಿಗೆ ಸರಿಯಾದ ಬೆಲೆ ಬರದೆ ಹೋಗುವುದು ಬಹಳ ಸಲ ಇಲ್ಲೇ.

ನಿಮ್ಮ ಹಳೆ ಕಾರು ಮಾರಲು ಹೊರಟಿದ್ದರೆ ಮೊದಲು ರೇಟಿನ ಲೆಕ್ಕ.

ಬಹಳ ಜನ ತಾವು ಕೊಂಡ ದಿನದ ಬಿಲ್ಲು ಹಿಡಿದು ಲೆಕ್ಕ ಶುರುಮಾಡುತ್ತಾರೆ. ಆ ಬಿಲ್ಲಿಗೂ ಇವತ್ತಿನ ಪೇಟೆಗೂ ಸಂಬಂಧವಿಲ್ಲ. ಕೊಳ್ಳುವವನ ಮುಂದಿರುವ ಇನ್ನೊಂದು ದಾರಿ ಹೊಸ ಗಾಡಿ, ಅದರ ಬೆಲೆ ಇವತ್ತಿನದು. 2025ರ ಸೆಪ್ಟೆಂಬರ್ 22ರಿಂದ ಸಣ್ಣ ಕಾರುಗಳ ಜಿಎಸ್‌ಟಿ ಶೇ. 18ಕ್ಕೆ ಇಳಿಯಿತು. ನಾಲ್ಕು ಮೀಟರ್ ಒಳಗಿನ ಉದ್ದ, ಪೆಟ್ರೋಲ್ ಆದರೆ 1200 ಸಿಸಿ ಒಳಗೆ, ಡೀಸೆಲ್ ಆದರೆ 1500 ಸಿಸಿ ಒಳಗೆ ಇರುವವು. ಅದಕ್ಕೆ ಮುಂಚೆ ಶೇ. 28ರ ಮೇಲೆ ಸೆಸ್ ಬೇರೆ ಇತ್ತು. ಹೊಸ ಗಾಡಿ ಐವತ್ತು ಅರವತ್ತು ಸಾವಿರ ಇಳಿದ ಮೇಲೆ ಎರಡು ವರ್ಷದ ಹಳೆ ಗಾಡಿಯೂ ಇಳಿಯಲೇಬೇಕು. "ನಾ ಇಷ್ಟು ಕೊಟ್ಟು ತಗೊಂಡೀನಿ" ಅನ್ನುವ ಮಾತು ಅಲ್ಲಿ ನಡೆಯುವುದಿಲ್ಲ.

ಹಾಗಾಗಿ ಅದೇ ಮಾಡೆಲ್ಲಿನ ಅದೇ ವೇರಿಯಂಟಿನ ಇವತ್ತಿನ ಎಕ್ಸ್ ಶೋರೂಂ ಬೆಲೆಯಿಂದ ಹೊರಡಿ. ಒಂದು ಪೆಟ್ರೋಲ್ ಹ್ಯಾಚ್‌ಬ್ಯಾಕ್, ಹೊಸದಕ್ಕೆ 7 ಲಕ್ಷ ಅಂತ ಹಿಡಿಯೋಣ. ನಿಮ್ಮದು ಆರು ವರ್ಷದ್ದು, 65 ಸಾವಿರ ಕಿ.ಮೀ. ಓಡಿದೆ. ಮೊದಲ ವರ್ಷಕ್ಕೆ ಶೇ. 18 ಕಳೆದರೆ 5.74 ಲಕ್ಷ. ಆಮೇಲೆ ಪ್ರತಿ ವರ್ಷ ಉಳಿದ ಬೆಲೆಯ ಮೇಲೆ ಶೇ. 9: 5.22, 4.75, 4.33, 3.94, ಕೊನೆಗೆ 3.58 ಲಕ್ಷ. ಇದು ಕೈಲೆಕ್ಕ. ಚೆನ್ನಾಗಿ ಕೈ ಬದಲಾಗುವ ಮಾಡೆಲ್ಲಿಗೆ ಶೇ. 9ರ ಜಾಗದಲ್ಲಿ 7 ಹಾಕಬೇಕು, ಕಂಪನಿಯೇ ತಯಾರಿಕೆ ನಿಲ್ಲಿಸಿದ ಮಾಡೆಲ್ಲಿಗೆ 12 ಹಾಕಿದರೂ ಕಡಿಮೆಯೇ.

ಈಗ ಇನ್ನೊಂದು ತುದಿಯಿಂದ ಬನ್ನಿ. ಅದೇ ಮಾಡೆಲ್, ಅದೇ ವರ್ಷ, ಹೆಚ್ಚುಕಡಿಮೆ ಅಷ್ಟೇ ಕಿ.ಮೀ. ಇರುವ ಮೂರು ನಾಲ್ಕು ಗಾಡಿಗಳ ಜಾಹೀರಾತು ಹುಡುಕಿ. ಕೆಎ 34, 35, 36, 37, ನಮ್ಮ ಕಡೆಯ ಈ ನಾಲ್ಕು ನಂಬರಿನವು ಸಿಕ್ಕರೆ ಒಳ್ಳೆಯದು. ಬೆಂಗಳೂರಿನ ರೇಟು ಇಲ್ಲಿಗೆ ಹೊಂದುವುದಿಲ್ಲ. ಅಲ್ಲಿ ಬೇಡಿಕೆ ಬೇರೆ, ಗಾಡಿ ಓಡಿದ ರಸ್ತೆ ಬೇರೆ. ಮೂರು ಗಾಡಿಗೆ 3.90, 3.75, 4.10 ಕೇಳಿದ್ದಾರೆ ಅನ್ನಿ. ಸರಾಸರಿ 3.92. ಇದು ಕೇಳಿದ ರೇಟು, ಕೈಗೆ ಬಂದ ರೇಟಲ್ಲ. ಎರಡರ ನಡುವೆ ಶೇ. 8 ಬಿಟ್ಟರೆ 3.60. ಎರಡೂ ತುದಿಯ ಲೆಕ್ಕ ಹತ್ತಿರ ಬಂದರೆ ನಂಬಬಹುದು. ದೂರ ನಿಂತರೆ ಜಾಹೀರಾತನ್ನು ನಂಬಿ, ಶೇಕಡಾವಾರನ್ನು ಬಿಡಿ. ತಿಂಗಳುಗಟ್ಟಲೆ ಮಾರಾಟವಾಗದೆ ಉಳಿದಿರುವ ಜಾಹೀರಾತನ್ನು ಮಾತ್ರ ಲೆಕ್ಕಕ್ಕೆ ತೆಗೆದುಕೊಳ್ಳಬೇಡಿ, ಆ ರೇಟಿಗೆ ಯಾರೂ ಬರಲಿಲ್ಲ ಅಂತಲೇ ಅದರ ಅರ್ಥ.

ಇನ್ಶೂರೆನ್ಸ್ ಪಾಲಿಸಿಯಲ್ಲಿ ಬರೆದ ಐಡಿವಿಯನ್ನು ಬೆಲೆ ಅಂತ ತಿಳಿಯುವವರಿದ್ದಾರೆ. ಅದು ಗಾಡಿ ಕಳುವಾದರೆ ಅಥವಾ ಪೂರ್ತಿ ಜಖಂ ಆದರೆ ಕಂಪನಿ ಕೊಡುವ ಮಿತಿ. ಎರಡನೇ ವರ್ಷಕ್ಕೆ ಶೇ. 20, ಮೂರಕ್ಕೆ 30, ನಾಲ್ಕಕ್ಕೆ 40, ಐದಕ್ಕೆ 50 ಅಂತ ಗಾಡಿ ಯಾವುದಾದರೂ ಒಂದೇ ಪಟ್ಟಿಯಲ್ಲಿ ಕಳೆಯುತ್ತಾರೆ. ಇನೋವಾಕ್ಕೂ ಅದೇ, ಯಾರಿಗೂ ಬೇಡವಾದ ಸೆಡಾನಿಗೂ ಅದೇ. ಪೇಟೆಯಲ್ಲಿ ಹಾಗಿಲ್ಲ.

ಸಿಕ್ಕ 3.60ರಿಂದ ಏನು ಕಳೆಯಬೇಕು ಅನ್ನುವಲ್ಲಿ ಹೆಚ್ಚಿನವರು ತಪ್ಪುತ್ತಾರೆ. ಟಯರು ಹೋಗಿದೆ, ನಾಲ್ಕಕ್ಕೆ 18 ಸಾವಿರ ಆಗುತ್ತದೆ ಅನ್ನಿ. ಅಷ್ಟನ್ನೂ ಕಳೆಯಬೇಕಿಲ್ಲ. ಹೋಲಿಕೆಗೆ ತೆಗೆದುಕೊಂಡ ಆರು ವರ್ಷದ ಗಾಡಿಗಳಲ್ಲೂ ಟಯರು ಅರ್ಧ ಸವೆದೇ ಇರುತ್ತದೆ, ಆ ಅರ್ಧ ಆಗಲೇ ರೇಟಿನಲ್ಲಿ ಸೇರಿಹೋಗಿದೆ. ನಿಮ್ಮದು ಆ ಗಾಡಿಗಳಿಗಿಂತ ಎಷ್ಟು ಕೆಟ್ಟಿದೆಯೋ ಅಷ್ಟನ್ನು ಮಾತ್ರ ಕಳೆಯಿರಿ: ಟಯರಿಗೆ 10 ಸಾವಿರ, ಮುಂದಿನ ಲೋಯರ್ ಆರ್ಮ್ ಬುಷ್ ಮತ್ತು ಲಿಂಕ್ ರಾಡಿಗೆ 6 ಸಾವಿರ, ತಂಪು ಕಡಿಮೆಯಾದ ಎಸಿಗೆ 4 ಸಾವಿರ. ಉಳಿದದ್ದು 3.40. ಒಬ್ಬರೇ ಮಾಲೀಕರು, ಎಲ್ಲ ಸರ್ವಿಸ್ ಬಿಲ್ಲು ಫೈಲಿನಲ್ಲಿದೆ ಅಂದರೆ ಹತ್ತು ಹದಿನೈದು ಸಾವಿರ ಮೇಲೆ ಕೇಳುವ ಹಕ್ಕಿದೆ. ಹೀಗೆ ಮೂರು ಅಂಕಿ ಬರೆದಿಟ್ಟುಕೊಳ್ಳಿ: ಹೇಳುವ ರೇಟು 3.75, ಒಪ್ಪುವ ರೇಟು 3.50, ಅದರ ಕೆಳಗೆ ಇಳಿಯದ ರೇಟು 3.35. ಬರೆದಿಡದಿದ್ದರೆ ನಾಲ್ಕನೇ ಗಿರಾಕಿ ಬರುವ ಹೊತ್ತಿಗೆ ಮನಸ್ಸು ಸೋತು ಮೂರಕ್ಕೇ ಬಂದಿರುತ್ತದೆ.

ನಮ್ಮ ಕಡೆಯ ಪೇಟೆಗೆ ತನ್ನದೇ ಕೆಲವು ಹಟಗಳಿವೆ. ಡೀಸೆಲ್ ಗಾಡಿಗೆ ಇಲ್ಲಿ ಇನ್ನೂ ಮರ್ಯಾದೆ. ಮಾರುತಿ 2020ರ ಏಪ್ರಿಲ್‌ಗೆ ಡೀಸೆಲ್ ನಿಲ್ಲಿಸಿದ ಮೇಲೆ 1.3 ಲೀಟರ್ ಎಂಜಿನ್ನಿನ ಸ್ವಿಫ್ಟ್, ಡಿಜೈರ್, ಎರ್ಟಿಗಾ ಹೊಸದಾಗಿ ಬರುವುದೇ ನಿಂತಿತು. ಒಳ್ಳೆ ಸ್ಥಿತಿಯದ್ದು ಇದ್ದರೆ ಕೇಳಿಕೊಂಡು ಬರುತ್ತಾರೆ. ಬೊಲೆರೋ, ಇನೋವಾ ಎರಡಕ್ಕೂ ಕಿ.ಮೀ. ಹೆಚ್ಚಾದರೂ ರೇಟು ಬೇಗ ಬೀಳುವುದಿಲ್ಲ. ಯೆಲ್ಲೋ ಬೋರ್ಡಿನಿಂದ ವೈಟ್ ಬೋರ್ಡಿಗೆ ಬದಲಾಯಿಸಿದ ಗಾಡಿಯ ಕಥೆ ಬೇರೆ, ಆರ್‌ಸಿ ಇತಿಹಾಸದಲ್ಲಿ ಅದು ಕಂಡ ತಕ್ಷಣ ಒಂದು ಮೆಟ್ಟಿಲು ಕೆಳಗೆ. ಸಮಯವೂ ಲೆಕ್ಕಕ್ಕೆ ಬರುತ್ತದೆ. ಗಂಗಾವತಿ, ಸಿಂಧನೂರು, ಸಿರುಗುಪ್ಪದಲ್ಲಿ ಭತ್ತದ ದುಡ್ಡು ಕೈಗೆ ಬಂದ ಮೇಲೆ ಗಿರಾಕಿಗಳು ತಾವಾಗಿ ಫೋನ್ ಮಾಡುತ್ತಾರೆ. ರಾಯಚೂರಿನ ಕಡೆ ಹತ್ತಿ ಮಾರಿದ ಮೇಲೆ. ಆಷಾಢದಲ್ಲಿ ಗಾಡಿ ನೋಡಿ, ಮೆಚ್ಚಿ, "ಶ್ರಾವಣಕ್ಕ ಒಯ್ತೀವ್ರಿ" ಅಂತ ಹೋಗುವವರೇ ಜಾಸ್ತಿ. ಡಿಸೆಂಬರ್ ದಾಟಿದರೆ ಕ್ಯಾಲೆಂಡರ್ ಬದಲಾದಷ್ಟಕ್ಕೇ ಗಾಡಿಗೆ ಇನ್ನೊಂದು ವರ್ಷ ವಯಸ್ಸಾಗುತ್ತದೆ, ಮಾರುವುದೇ ಆದರೆ ನವೆಂಬರ್‌ನಲ್ಲಿ ಮಾರುವುದು ವಾಸಿ. ಇನ್ನು ನಂಬರ್ ಕೂಡಿಸಿ ಒಂಬತ್ತು ಬರುತ್ತದೋ ನೋಡುವವರು. ಎತ್ತಿಗೆ ಸುಳಿ ನೋಡಿದವರ ಮೊಮ್ಮಕ್ಕಳು ತಾನೇ. ಅದಕ್ಕೆ ಹೆಚ್ಚು ಕೇಳಲು ಹೋಗಬೇಡಿ, ಕೊಟ್ಟರೆ ಬಿಡಬೇಡಿ.

ನೋಡುವವನಿಗಿಂತ ಮುಂಚೆ ನೋಡುವುದು

ಗಿರಾಕಿಯನ್ನು ಕರೆಯುವ ಮೂರು ವಾರ ಮುಂಚೆ ನಿಮ್ಮ ಗಾಡಿಯನ್ನು ನೀವೇ ಶತ್ರುವಿನ ಗಾಡಿಯ ಹಾಗೆ ನೋಡಬೇಕು. ಶುರು ಮಾಡಬೇಕಾದದ್ದು ಎಂಜಿನ್ ತಣ್ಣಗಿಡುವ ದ್ರವದಿಂದ, ಅಂದರೆ ಕೂಲೆಂಟ್‌ನಿಂದ.

ರಾತ್ರಿಯಿಡೀ ನಿಂತ ಗಾಡಿ. ಬೆಳಿಗ್ಗೆ ಸ್ಟಾರ್ಟ್ ಮಾಡುವ ಮುಂಚೆ ಬಾನೆಟ್ ಎತ್ತಿ ರೇಡಿಯೇಟರಿನ ಮುಚ್ಚಳ ತಿರುವಿ ಒಳಗೆ ನೋಡಿ. ಬಿಸಿ ಇದ್ದಾಗ ಮಾತ್ರ ಈ ಮುಚ್ಚಳ ಮುಟ್ಟಬೇಡಿ, ಒತ್ತಡದ ಕುದಿನೀರು ಮುಖಕ್ಕೆ ಹಾರುತ್ತದೆ. ಹಸಿರೋ ಗುಲಾಬಿಯೋ ನೀಲಿಯೋ, ಕಂಪನಿ ಯಾವ ಬಣ್ಣ ಹಾಕಿತ್ತೋ ಅದು ತಿಳಿಯಾಗಿ ಕಂಡರೆ ಸರಿ. ಚಹಾದ ಬಣ್ಣ, ಮುಚ್ಚಳದ ಒಳಗೆ ತುಕ್ಕಿನ ಕೆಸರು, ಬಾಯಿಯ ಸುತ್ತ ಬಿಳಿ ಹಕ್ಕಳೆ ಇದ್ದರೆ ಯಾರೋ ಒಮ್ಮೆ ಬೋರ್‌ವೆಲ್ ನೀರು ಸುರಿದಿದ್ದಾರೆ. ನಮ್ಮ ಬೋರಿನ ಗಡಸು ನೀರು ರೇಡಿಯೇಟರಿನ ಸಣ್ಣ ನಾಳಗಳಲ್ಲಿ ಸುಣ್ಣ ಕಟ್ಟುತ್ತದೆ. ತುಕ್ಕು ತಡೆಯುವ ರಸಾಯನ ತೆಳುವಾದ ಮೇಲೆ ತುಕ್ಕು ವಾಟರ್ ಪಂಪಿನ ರೆಕ್ಕೆ ತಿನ್ನುತ್ತದೆ, ಥರ್ಮೋಸ್ಟಾಟ್ ಅಂಟಿಕೊಳ್ಳುತ್ತದೆ. ಮಳೆಗಾಲದಲ್ಲಿ ಏನೂ ಗೊತ್ತಾಗುವುದಿಲ್ಲ. ರಾಯಚೂರಿನ ಮೇ ತಿಂಗಳಲ್ಲಿ, 40 ಡಿಗ್ರಿ ದಾಟಿದ ಬಿಸಿಲಿನಲ್ಲಿ ಎಸಿ ಹಾಕಿ ರೈಲ್ವೆ ಗೇಟಿನ ಮುಂದೆ ಹತ್ತು ನಿಮಿಷ ನಿಂತಾಗ ಟೆಂಪರೇಚರ್ ಮೀಟರಿನ ಮುಳ್ಳು ಏರುತ್ತದೆ. ಎರಡು ಮೂರು ಸಲ ಹೀಗೆ ಕಾದರೆ ಎಂಜಿನ್ನಿನ ಮೇಲಿನ ಅಲ್ಯೂಮಿನಿಯಂ ಹೆಡ್ ಸೊಟ್ಟಗಾಗಿ ಅದರ ಅಡಿಯ ಗ್ಯಾಸ್ಕೆಟ್ ಹೋಗುತ್ತದೆ. ಅದರ ಗುರುತು ಎಂಜಿನ್ ಆಯಿಲ್ ಮುಚ್ಚಳದ ಒಳಗೆ: ಹಾಲು ಹೆಚ್ಚಾದ ಕಾಫಿಯ ಬಣ್ಣದ ಕೆನೆ.

ಕೆನೆ ಇಲ್ಲದಿದ್ದರೆ ನೀವು ಪಾರಾದಿರಿ. ಫ್ಲಶ್ ಮಾಡಿಸಿ, ಡಿಸ್ಟಿಲ್ಡ್ ನೀರು ಮತ್ತು ಕೂಲೆಂಟ್ ಅರ್ಧಕ್ಕರ್ಧ ಬೆರೆಸಿ ತುಂಬಿಸಿದರೆ ಎರಡು ಎರಡೂವರೆ ಸಾವಿರದಲ್ಲಿ ಮುಗಿಯುತ್ತದೆ. ಇದನ್ನು ಗಿರಾಕಿ ಬರುವ ಹಿಂದಿನ ದಿನ ಮಾಡಿಸಬೇಡಿ. ಎಷ್ಟೋ ಗಾಡಿಗಳಲ್ಲಿ ಸೂಜಿ ತೂತುಗಳನ್ನು ಆ ಸುಣ್ಣವೇ ಮುಚ್ಚಿರುತ್ತದೆ, ತೊಳೆದ ಮೇಲೆ ಸೋರಲು ಶುರು. ಮಾಡಿಸಿ ಇನ್ನೂರು ಮುನ್ನೂರು ಕಿ.ಮೀ. ಓಡಿಸಿ, ಮಟ್ಟ ಇಳಿಯುತ್ತದೋ ನೋಡಿ, ಆಮೇಲೆ ಕರೆಯಿರಿ.

ಇನ್ನೊಂದು ಧೂಳು. ಸಂಡೂರು, ತೋರಣಗಲ್ಲು ಕಡೆ ಅದಿರಿನ ಲಾರಿಗಳ ಹಿಂದೆ ಓಡಿದ ಗಾಡಿಯನ್ನು ಎಷ್ಟೇ ತೊಳೆದರೂ ಕೆಂಪು ಹೋಗದ ಜಾಗಗಳಿವೆ. ಸೀಟಿನ ಹಳಿ, ಸ್ಟೆಪ್ನಿಯ ಗುಂಡಿ, ಬಾಗಿಲಿನ ರಬ್ಬರಿನ ಅಡಿ. ಎಲ್ಲಕ್ಕಿಂತ ಚೆನ್ನಾಗಿ ಹೇಳುವುದು ಸೀಟ್ ಬೆಲ್ಟು. ಪೂರ್ತಿ ಎಳೆದು ನೋಡಿ, ಸದಾ ಸುರುಳಿಯೊಳಗೆ ಇರುವ ಭಾಗ ಹೊರಗೆ ಬಂದಾಗ ಎಲ್ಲಿಂದ ಎಲ್ಲಿಯವರೆಗೆ ಕೆಂಪಾಗಿದೆ ಅಂತ ಗೆರೆ ಎಳೆದ ಹಾಗೆ ಕಾಣುತ್ತದೆ. ತಿಳಿದವನು ಅದನ್ನು ನೋಡಿ "ಗಣಿ ಕಾಂಟ್ರ್ಯಾಕ್ಟಿನಾಗ ಓಡಿದ ಗಾಡಿ" ಅಂತ ತೀರ್ಮಾನ ಮಾಡಿಬಿಡುತ್ತಾನೆ. ನಿಮ್ಮದು ಕಾರ್ಖಾನೆಗೆ ಹೋಗಿ ಬರುವ ನೌಕರರ ಗಾಡಿ ಆಗಿದ್ದರೆ ಏರ್ ಫಿಲ್ಟರ್ ಹೇಳಿದ ಅವಧಿಗಿಂತ ಮುಂಚೆಯೇ ಬದಲಾಯಿಸಿದ ಬಿಲ್ಲುಗಳೇ ನಿಮ್ಮ ಪರ ಸಾಕ್ಷಿ. ಬೆಲ್ಟನ್ನು ಸೋಪು ನೀರಿನಲ್ಲಿ ಉಜ್ಜಿ ನೆರಳಲ್ಲಿ ಒಣಗಿಸಿ. ಕ್ಯಾಬಿನ್ ಫಿಲ್ಟರ್ ಐನೂರರ ಒಳಗೆ ಬರುತ್ತದೆ, ಹಾಕಿಸಿದರೆ ಎಸಿ ಗಾಳಿಯೇ ಬೇರೆ.

ಎರೆ ಭೂಮಿಯ ಗಾಡಿಗೆ ರೋಗ ಕೆಳಗಿರುತ್ತದೆ. ಚಕ್ರದ ಗೂಡಿನಲ್ಲಿ, ಬಾಗಿಲಿನ ಕೆಳಗಿನ ಸಿಲ್‌ನಲ್ಲಿ ನೀರು ಹೋಗಲು ಬಿಟ್ಟ ತೂತುಗಳನ್ನು ಕಪ್ಪು ಮಣ್ಣು ಮುಚ್ಚಿ, ತೇವ ಹಿಡಿದು, ಒಳಗಿನಿಂದ ತುಕ್ಕು ತರುತ್ತದೆ. ಹೊರಗೆ ಗುಳ್ಳೆ ಕಾಣುವ ಹೊತ್ತಿಗೆ ತಗಡು ತೂತಾಗಿರುತ್ತದೆ. ವಾಟರ್ ಸರ್ವಿಸ್‌ನಲ್ಲಿ ಗಾಡಿ ಮೇಲೆತ್ತಿಸಿ, ತಂತಿಯಿಂದ ತೂತು ಬಿಡಿಸಿ ತೊಳೆಸಿ.

ಬಾಡಿಯಲ್ಲಿ ನೋಡುವವರು ಮೊದಲು ಕೈ ಹಾಕುವುದು ಬೋಲ್ಟಿಗೆ. ಫೆಂಡರ್ ಮತ್ತು ಬಾನೆಟ್ ಹಿಂಜಿನ ಬೋಲ್ಟುಗಳ ತಲೆಯ ಮೇಲೆ ಕಂಪನಿಯ ಪೇಂಟು ಒಡೆದಿದ್ದರೆ ಸ್ಪ್ಯಾನರ್ ಬಿದ್ದಿದೆ, ಪ್ಯಾನಲ್ ಬಿಚ್ಚಿದ್ದಾರೆ ಎಂದರ್ಥ. ಬಾಗಿಲಿನ ರಬ್ಬರ್ ಎಳೆದರೆ ಪಿಲ್ಲರಿನ ಅಂಚಿನಲ್ಲಿ ಸಮ ಅಂತರದ ದುಂಡು ವೆಲ್ಡಿಂಗ್ ಚುಕ್ಕಿಗಳು ಕಾಣಬೇಕು. ಪೇಂಟಿನ ದಪ್ಪ ಅಳೆಯುವ ಸಣ್ಣ ಮೀಟರು ಈಗ ದಲ್ಲಾಳಿಗಳ ಜೇಬಿನಲ್ಲೂ ಇದೆ. ಕಂಪನಿ ಪೇಂಟು ಸುಮಾರು 80ರಿಂದ 150 ಮೈಕ್ರಾನ್, ಮತ್ತೆ ಬಳಿದರೆ ಅದರ ಎರಡರಷ್ಟು, ಪುಟ್ಟಿ ತುಂಬಿದ್ದರೆ ಇನ್ನೂ ಎಷ್ಟೋ ಮೇಲೆ. ಒಂದು ಬಾಗಿಲು ಗೀರಿ ಟಿಂಕರಿಂಗ್ ಮಾಡಿಸಿದ್ದು ಯಾರಿಗೂ ದೊಡ್ಡದಲ್ಲ. ಮುಚ್ಚಿಟ್ಟು ಮೀಟರಿನಲ್ಲಿ ಸಿಕ್ಕಿಬಿದ್ದರೆ ಮಾತ್ರ ಆ ಒಂದು ಬಾಗಿಲು ಇಡೀ ಗಾಡಿಯನ್ನು ಆಕ್ಸಿಡೆಂಟ್ ಗಾಡಿ ಮಾಡಿಬಿಡುತ್ತದೆ.

ಇಷ್ಟಾದ ಮೇಲೆ ಎಲ್ಲಿ ಖರ್ಚು ಮಾಡಬೇಕು ಅನ್ನುವುದು. ಖರ್ಚು ಸಣ್ಣದು, ಹುಟ್ಟಿಸುವ ಅನುಮಾನ ದೊಡ್ಡದು ಇರುವ ಕಡೆ ಮಾಡಿ. ಚೆಕ್ ಎಂಜಿನ್ ದೀಪ, ಸತ್ತ ಬಲ್ಬು, ಕೆರೆಯುವ ವೈಪರ್, ಸ್ಟಾರ್ಟ್ ಮಾಡುವಾಗ ಎಳೆದಾಡುವ ಬ್ಯಾಟರಿ, ಬಾಕಿ ಬಿದ್ದ ಆಯಿಲ್ ಸರ್ವಿಸ್. ನಾಲ್ಕು ಹೊಸ ಟಯರು ಹಾಕಿಸಬೇಡಿ, ಹಾಕಿದ ದುಡ್ಡು ವಾಪಸ್ ಬರುವುದಿಲ್ಲ. ಇಡೀ ಗಾಡಿಗೆ ಪೇಂಟಂತೂ ಬೇಡವೇ ಬೇಡ. ಎಂಜಿನ್ನಿಗೆ ಪಾಲಿಷ್ ಹೊಡೆಸಿ ಮಿಂಚಿಸುವುದನ್ನು ನಾನು ಮೋಸದ ಸಾಲಿಗೇ ಸೇರಿಸುತ್ತೇನೆ, ಆಯಿಲ್ ಎಲ್ಲಿ ಒಸರುತ್ತಿತ್ತು ಅನ್ನುವ ಗುರುತೇ ಅಳಿಸಿಹೋಗುತ್ತದೆ. ನುರಿತ ಗಿರಾಕಿ ಮಿಂಚುವ ಎಂಜಿನ್ ನೋಡಿದರೆ ಹಿಂದೆ ಸರಿಯುತ್ತಾನೆ.

ಗಾಡಿಯ ಮುಂದೆ ನಿಂತು

ಫೋನಿನಲ್ಲಿ ರೇಟು ಕಡಿಯುವವರು ದಿನಕ್ಕೆ ಐದಾರು ಜನ.

"ಅಣ್ಣಾರ, ಕಡಿಗೆ ಎಷ್ಟಕ್ಕ ಬಿಡ್ತೀರಿ, ಒಂದ ಮಾತು ಹೇಳ್ರಿ."

"ಗಾಡಿ ನೋಡೀರೇನ್ರಿ?"

"ಫೋಟೋ ನೋಡೀನ್ರಿ."

"ಫೋಟೋದ ರೇಟು ಫೋಟೋದ ಕೆಳಗ ಹಾಕೀನ್ರಿ. ಗಾಡಿ ರೇಟು ಗಾಡಿ ಮುಂದ ಮಾತಾಡೋಣ ಬರ್ರಿ."

ಇದಕ್ಕಿಂತ ಹೆಚ್ಚು ಫೋನಿನಲ್ಲಿ ಮಾತಾಡುವ ಅಗತ್ಯವಿಲ್ಲ. ಬರುವವರನ್ನು ಬೆಳಿಗ್ಗೆ ಏಳಕ್ಕೆ ಕರೆಯಿರಿ. ಗಾಡಿಯನ್ನು ಮೊದಲೇ ಸ್ಟಾರ್ಟ್ ಮಾಡಿ ಬಿಸಿ ಮಾಡಿಡಬೇಡಿ. ತಿಳಿದವರು ಬಂದ ಕೂಡಲೇ ಮಾತಿಗೂ ಮುಂಚೆ ಬಾನೆಟ್ ಮೇಲೆ ಅಂಗೈ ಇಡುತ್ತಾರೆ. ಬೆಚ್ಚಗಿದ್ದರೆ ತಣ್ಣಗಿನ ಎಂಜಿನ್ನಿನಲ್ಲಿ ಏನೋ ಮುಚ್ಚಿಡಬೇಕಿತ್ತು ಅಂತಲೇ ಲೆಕ್ಕ. ನೀಲಿ ಹೊಗೆ ಆಯಿಲ್ ಸುಡುವುದಕ್ಕೆ, ಬಿಸಿಯಾದ ಮೇಲೂ ನಿಲ್ಲದ ಬಿಳಿ ಹೊಗೆ ಕೂಲೆಂಟ್ ಒಳಗೆ ಹೋಗುವುದಕ್ಕೆ, ಡೀಸೆಲ್ಲಿನ ದಟ್ಟ ಕಪ್ಪು ಹೊಗೆ ಇಂಜೆಕ್ಟರ್ ಅಥವಾ ಟರ್ಬೊ ಕಡೆಗೆ ಬೊಟ್ಟು ಮಾಡುತ್ತದೆ. ತಣ್ಣಗಿನ ಗಾಡಿ ಒಂದೇ ಕೀಲಿಗೆ ಹೊಗೆಯಿಲ್ಲದೆ ಹೊತ್ತಿಕೊಂಡರೆ ಅರ್ಧ ವ್ಯಾಪಾರ ಅಲ್ಲೇ ಆಯಿತು. ಎಸಿ ಚೆನ್ನಾಗಿದ್ದರೆ ಮಾತ್ರ ಎರಡನೇ ಸಲ ಮಧ್ಯಾಹ್ನ ಎರಡಕ್ಕೆ ಕರೆಯುವ ಧೈರ್ಯ ಮಾಡಿ.

ಟೆಸ್ಟ್ ಡ್ರೈವಿಗೆ ಕೊಡುವಾಗ ಲೈಸೆನ್ಸ್ ನೋಡಿ, ಪಕ್ಕದಲ್ಲಿ ನೀವೇ ಕೂಡಿ. ಸ್ವಲ್ಪ ಕೆಟ್ಟ ರಸ್ತೆ, ಸ್ವಲ್ಪ ಹೈವೇ ಎರಡೂ ಸಿಗುವ ದಾರಿ ಹಿಡಿಯಿರಿ. ಬರೀ ನುಣ್ಣನೆ ರಸ್ತೆಯಲ್ಲಿ ತಿರುಗಿಸಿ ತಂದರೆ ಸಸ್ಪೆನ್ಷನ್ ಬಗ್ಗೆ ಅನುಮಾನ ಹಾಗೇ ಉಳಿಯುತ್ತದೆ.

ರೇಟಿನ ಮಾತು ಬಂದಾಗ ಒಂದು ಹಾಳೆ ಮುಂದಿಡಿ. ಅದರಲ್ಲಿ ಗಾಡಿಯ ದೋಷಗಳು ನಿಮ್ಮ ಕೈಬರಹದಲ್ಲೇ ಇರಲಿ, ಪಕ್ಕದಲ್ಲಿ ಗ್ಯಾರೇಜಿನ ಕೊಟೇಶನ್.

"ಟಯರು ಹೋಗ್ಯಾವು, ನಲವತ್ತು ಸಾವಿರ ಇಳಸ್ರಿ."

"ನಾಕು ಟಯರಿಗೆ ಹದಿನೆಂಟು ಆಗ್ತೈತ್ರಿ, ನೋಡ್ರಿ ಇಲ್ಲಿ. ಅದರಾಗ ಹತ್ತು ನಾ ಮೊದಲ ಇಳಿಸಿ ರೇಟು ಹೇಳೀನಿ."

ಇಲ್ಲಿಗೆ ಟಯರಿನ ಮಾತು ಮುಗಿಯುತ್ತದೆ. ಹಾಳೆಯಲ್ಲಿ ಇಲ್ಲದ ಹೊಸ ದೋಷವನ್ನು ಅವನು ತೋರಿಸಿದರೆ ಒಪ್ಪಿಕೊಳ್ಳಿ, ಅದಕ್ಕೆ ಆಗುವಷ್ಟು ಬಿಡಿ. ಅವನ ಮೆಕ್ಯಾನಿಕ್ ಸ್ಕ್ಯಾನರ್ ಹಾಕುತ್ತೇನೆ ಅಂದರೆ ಬೇಡ ಅನ್ನಬೇಡಿ. ಎರರ್ ಕೋಡನ್ನು ಹಿಂದಿನ ದಿನ ಅಳಿಸಿದ್ದರೆ ಅದೂ ಆ ಯಂತ್ರದಲ್ಲಿ ಗೊತ್ತಾಗುತ್ತದೆ.

ಹೊಸ ಗಾಡಿ ಕೊಳ್ಳುವ ಶೋರೂಮಿನಲ್ಲೇ ಬಿಡುವುದಾದರೆ ಎಕ್ಸ್‌ಚೇಂಜ್ ಬೋನಸ್ ಬೇರೆ, ಹಳೆ ಗಾಡಿಯ ರೇಟು ಬೇರೆ ಬರೆಸಿಕೊಳ್ಳಿ. ಎರಡನ್ನೂ ಕಲಸಿ ಒಂದು ದೊಡ್ಡ ಅಂಕಿ ತೋರಿಸುವುದು ಹಳೆಯ ಆಟ. ವ್ಯಾಪಾರಿ ನಿಮ್ಮ 3.50ಕ್ಕೆ 3.15 ಅಂದರೆ ಸಿಟ್ಟಾಗಬೇಕಿಲ್ಲ. ಅವನು ರಿಪೇರಿ ಮಾಡಿಸಬೇಕು, ತಿಂಗಳುಗಟ್ಟಲೆ ನಿಲ್ಲಿಸಿಕೊಳ್ಳಬೇಕು, ನೋಂದಾಯಿತ ವ್ಯಾಪಾರಿ ಆಗಿದ್ದರೆ ತನ್ನ ಲಾಭದ ಮೇಲೆ ಶೇ. 18 ಜಿಎಸ್‌ಟಿ ಕಟ್ಟಬೇಕು. ಊರು ಬಿಟ್ಟು ವರ್ಗವಾಗಿ ಹೋಗುವವರಿಗೆ ಆ 35 ಸಾವಿರ ನೆಮ್ಮದಿಯ ಬೆಲೆ ಅನ್ನಿಸಬಹುದು. ಉಳಿದವರಿಗೆ ನೇರ ಮಾರಾಟವೇ ಮೇಲು. ದಲ್ಲಾಳಿಯ ಮೂಲಕ ಆದರೆ ಅವನ ಕಮಿಷನ್ ಎಷ್ಟು, ಕೊಡುವವರು ಯಾರು ಅಂತ ಗಾಡಿ ತೋರಿಸುವ ಮುಂಚೆ ಮಾತಾಡಿ.

ಗಡಿಯಾಚೆಯ ಗಿರಾಕಿ ನಮ್ಮ ಜಿಲ್ಲೆಗಳಿಗೆ ವಿಶೇಷ. ಬಳ್ಳಾರಿಗೆ ಗುಂತಕಲ್, ಆದೋನಿಯಿಂದ ಬರುತ್ತಾರೆ, ರಾಯಚೂರಿಗೆ ಗದ್ವಾಲ್‌ನಿಂದ. ಕರ್ನಾಟಕದಲ್ಲಿ ಕಾರಿನ ಜೀವಿತಾವಧಿ ತೆರಿಗೆ ಬೆಲೆಗೆ ತಕ್ಕಂತೆ ಶೇ. 13ರಿಂದ 18, ಮೇಲೆ ಸೆಸ್. ನೀವು ಕಟ್ಟಿದ ಆ ತೆರಿಗೆ ರಾಜ್ಯದೊಳಗಿನ ಗಿರಾಕಿಗೆ ಗಾಡಿಯ ಜೊತೆಗೇ ಸಿಗುತ್ತದೆ. ಆಚೆಯವನು ತನ್ನ ರಾಜ್ಯದಲ್ಲಿ ಮತ್ತೆ ಕಟ್ಟಬೇಕು, ಹಾಗಾಗಿ ಅವನು ಕಡಿಮೆ ಕೇಳುವುದರಲ್ಲಿ ಮೋಸವಿಲ್ಲ. ಉಳಿದ ಅವಧಿಯ ತೆರಿಗೆ ವಾಪಸ್ ಕೇಳಲು ಅವಕಾಶವಿದೆ, ಆದರೆ ಗಾಡಿ ಅಲ್ಲಿ ನೋಂದಣಿಯಾದ ದಾಖಲೆ ಬೇಕು. ಗಾಡಿ ಒಯ್ದವನು ಮರುನೋಂದಣಿ ಮಾಡಿಸಿ ಪ್ರತಿ ಕಳಿಸುತ್ತಾನೆ ಅಂತ ನಂಬಿ ಆ ದುಡ್ಡನ್ನು ರೇಟಿನಲ್ಲಿ ಮೊದಲೇ ಬಿಟ್ಟುಕೊಡಬೇಡಿ. ರಾಜ್ಯದಾಚೆ ಹೋಗುವ ಗಾಡಿಗೆ ಫಾರ್ಮ್ 28ರಲ್ಲಿ ಎನ್‌ಒಸಿ, ಅಂದರೆ ನಿರಾಕ್ಷೇಪಣಾ ಪತ್ರ ಬೇಕು, ಅದು ಕೈಗೆ ಬರುವವರೆಗೆ ಕೀಲಿ ನಿಮ್ಮಲ್ಲೇ ಇರಲಿ.

ಹೆಸರು ಬದಲಾಗುವವರೆಗೆ

ದುಡ್ಡು ಬಂತು, ಗಾಡಿ ಹೋಯಿತು, ಮುಗಿಯಿತು ಅಂದುಕೊಳ್ಳುವುದು ಇಡೀ ವ್ಯವಹಾರದ ಅತಿ ದುಬಾರಿ ತಪ್ಪು. 2018ರಲ್ಲಿ ನವೀನ್ ಕುಮಾರ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಸ್ಪಷ್ಟವಾಗಿ ಹೇಳಿತು: ಗಾಡಿ ಎಷ್ಟು ಕೈ ಬದಲಾಗಿದ್ದರೂ ಆರ್‌ಟಿಒ ದಾಖಲೆಯಲ್ಲಿ ಯಾರ ಹೆಸರಿದೆಯೋ ಅವರೇ ಮಾಲೀಕರು, ಅಪಘಾತದ ಪರಿಹಾರದ ಹೊಣೆ ಅವರದೇ. ಆ ಪ್ರಕರಣದಲ್ಲಿ ಮೊದಲ ಮಾಲೀಕರ ಕೈಯಿಂದ ಗಾಡಿ ಒಂದರ ಮೇಲೊಂದು ಮಾರಾಟವಾಗಿ ದೂರ ಹೋಗಿತ್ತು, ಹೆಸರು ಮಾತ್ರ ಹಾಗೇ ಉಳಿದಿತ್ತು. ಖಾಲಿ ಫಾರ್ಮ್‌ಗಳಿಗೆ ಸಹಿ ಹಾಕಿ "ಯಾವಾಗ ಬೇಕಾದ್ರ ಮಾಡಿಸ್ಕೊಳ್ರಿ" ಅಂತ ಕೊಡುವ ಓಪನ್ ಸೈನ್ ಪದ್ಧತಿ ನಮ್ಮ ಕಡೆ ಇನ್ನೂ ಇದೆ. ಇನ್ಶೂರೆನ್ಸ್ ಮುಗಿದ ಆ ಗಾಡಿ ಯಾರಿಗಾದರೂ ಗುದ್ದಿದರೆ ನೋಟಿಸು ಬರುವುದು ನಿಮ್ಮ ಮನೆಗೆ.

ಕೊಡುವ ಕಾಗದ ಇಷ್ಟು: ಮಾರಿದ್ದನ್ನು ತಿಳಿಸುವ ಫಾರ್ಮ್ 29 ಎರಡು ಪ್ರತಿ, ಹೆಸರು ಬದಲಾವಣೆಯ ಅರ್ಜಿಯಾದ ಫಾರ್ಮ್ 30, ಆರ್‌ಸಿ, ಚಾಲ್ತಿಯಲ್ಲಿರುವ ಇನ್ಶೂರೆನ್ಸ್, ಎಮಿಷನ್ ಸರ್ಟಿಫಿಕೇಟ್, ಇಬ್ಬರ ಗುರುತಿನ ದಾಖಲೆ. ಚಾಸಿ ನಂಬರಿನ ಪೆನ್ಸಿಲ್ ಪ್ರಿಂಟ್ ಕೇಳಿದರೆ ಅದೂ. ಗಾಡಿ ಕೊಟ್ಟ 14 ದಿನದೊಳಗೆ ಮಾರಿದವರು ಆರ್‌ಟಿಒಗೆ ತಿಳಿಸಬೇಕು, ಕೊಂಡವರು 30 ದಿನದೊಳಗೆ ಅರ್ಜಿ ಹಾಕಬೇಕು. ಸಾಲದ ಗಾಡಿಯಾದರೆ ಬ್ಯಾಂಕಿನ ಎನ್‌ಒಸಿ ಮತ್ತು ಫಾರ್ಮ್ 35 ಎರಡು ಪ್ರತಿ ಮೊದಲೇ ಸಲ್ಲಿಸಿ ಆರ್‌ಸಿಯಿಂದ ಬ್ಯಾಂಕಿನ ಹೆಸರು ತೆಗೆಸಿಡಿ. ಕಂತು ಮುಗಿದಿದ್ದರೂ ಎಚ್‌ಪಿ, ಅಂದರೆ ಆರ್‌ಸಿಯಲ್ಲಿನ ಸಾಲದ ನಮೂದು ಕ್ಯಾನ್ಸಲ್ ಮಾಡಿಸದೆ ಬಿಟ್ಟವರು ಬಹಳ, ಗಿರಾಕಿ ನಿಂತಿರುವಾಗ ಬ್ಯಾಂಕಿಗೆ ಓಡಬೇಕಾಗುತ್ತದೆ. 2019ರ ಏಪ್ರಿಲ್ 1ಕ್ಕಿಂತ ಹಿಂದಿನ ಗಾಡಿಗೆ ಎಚ್‌ಎಸ್‌ಆರ್‌ಪಿ, ಅಂದರೆ ಹೈ ಸೆಕ್ಯುರಿಟಿ ನಂಬರ್ ಪ್ಲೇಟ್ ಹಾಕಿಸಿ. ಬಾಕಿ ದಂಡ ಇದ್ದರೆ ಕಟ್ಟಿ. 15 ವರ್ಷ ಹತ್ತಿರ ಬಂದ ಗಾಡಿಯಾದರೆ ಆರ್‌ಸಿ ನವೀಕರಣದ ಖರ್ಚನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಿ, 2022ರ ಏಪ್ರಿಲ್‌ನಿಂದ ಕಾರಿಗೆ ಆ ಶುಲ್ಕವೇ 5,000 ರೂಪಾಯಿಗೆ ಏರಿದೆ.

ತೀರಿಕೊಂಡ ತಂದೆಯ ಹೆಸರಿನಲ್ಲೇ ಇರುವ ಗಾಡಿಯನ್ನು ಮಗ ನೇರವಾಗಿ ಮಾರಲು ಬರುವುದಿಲ್ಲ. ಫಾರ್ಮ್ 31 ಹಾಕಿ, ಮರಣ ಪ್ರಮಾಣ ಪತ್ರ, ವಂಶವೃಕ್ಷ, ಉಳಿದ ವಾರಸುದಾರರ ಒಪ್ಪಿಗೆಯೊಂದಿಗೆ ಮೊದಲು ತನ್ನ ಹೆಸರಿಗೆ ಮಾಡಿಕೊಳ್ಳಬೇಕು.

ವ್ಯಾಪಾರಿಗೆ ಕೊಡುವುದಾದರೆ ಅವನು ಆರ್‌ಟಿಒದಿಂದ ಅಧಿಕಾರ ಪಡೆದವನೋ ಕೇಳಿ. 2023ರ ಏಪ್ರಿಲ್‌ನಿಂದ ಅಂಥವರಿಗೆ ಗಾಡಿ ಒಪ್ಪಿಸಿದ್ದನ್ನು ಫಾರ್ಮ್ 29ಸಿಯಲ್ಲಿ ಆನ್‌ಲೈನ್ ತಿಳಿಸುವ ವ್ಯವಸ್ಥೆ ಬಂದಿದೆ. ತಿಳಿಸಿದ ಮೇಲೆ ಆ ಗಾಡಿಯ ಜವಾಬ್ದಾರಿ ಅವನದು.

ನೋ ಕ್ಲೇಮ್ ಬೋನಸ್ ಗಾಡಿಗೆ ಸೇರಿದ್ದಲ್ಲ, ನಿಮಗೆ ಸೇರಿದ್ದು. ಐದು ವರ್ಷ ಕ್ಲೇಮ್ ಮಾಡದಿದ್ದರೆ ಸ್ವಂತ ಗಾಡಿಯ ಹಾನಿಗೆ ಕಟ್ಟುವ ಪ್ರೀಮಿಯಂನಲ್ಲಿ ಶೇ. 50 ರಿಯಾಯಿತಿ. ಮಾರಿದ ಮೇಲೆ ಇನ್ಶೂರೆನ್ಸ್ ಕಂಪನಿಯಿಂದ ಅದರ ಪತ್ರ ಪಡೆದರೆ ಮೂರು ವರ್ಷದೊಳಗೆ ಕೊಳ್ಳುವ ಹೊಸ ಗಾಡಿಗೆ ಬಳಸಬಹುದು. "ಇನ್ಶೂರೆನ್ಸ್ ಹತ್ತು ತಿಂಗಳು ಐತಿ" ಅಂತ ಹೆಚ್ಚು ಕೇಳುವಾಗ ಇದು ನೆನಪಿರಲಿ, ಪಾಲಿಸಿ ತನ್ನ ಹೆಸರಿಗೆ ಮಾಡಿಸುವಾಗ ನಿಮ್ಮ ಬೋನಸ್ಸಿನ ಬಾಕಿಯನ್ನು ಕೊಂಡವನು ಕಟ್ಟಬೇಕಾಗುತ್ತದೆ.

ದುಡ್ಡಿನ ವಿಷಯ. ಭತ್ತ, ಹತ್ತಿ, ಮೆಣಸಿನಕಾಯಿ ಮಾರಿದವರು ಚೀಲದಲ್ಲಿ ನಗದು ತರುತ್ತಾರೆ. ಒಂದು ವ್ಯವಹಾರಕ್ಕೆ 2 ಲಕ್ಷ ಅಥವಾ ಅದಕ್ಕೂ ಮೇಲೆ ನಗದು ತೆಗೆದುಕೊಂಡರೆ ಆದಾಯ ತೆರಿಗೆ ಕಾನೂನಿನಲ್ಲಿ ತೆಗೆದುಕೊಂಡಷ್ಟೇ ದಂಡ, ಅದೂ ತೆಗೆದುಕೊಂಡವರಿಗೆ. ಎರಡು ಕಂತು ಮಾಡಿದರೂ ಗಾಡಿ ಒಂದೇ, ವ್ಯವಹಾರ ಒಂದೇ. ಆರ್‌ಟಿಜಿಎಸ್ 2020ರ ಡಿಸೆಂಬರ್‌ನಿಂದ ಇಪ್ಪತ್ನಾಲ್ಕು ಗಂಟೆಯೂ ಇದೆ, ಭಾನುವಾರವೂ ನಡೆಯುತ್ತದೆ, "ಬ್ಯಾಂಕು ರಜೆ" ಅನ್ನುವ ನೆವ ಉಳಿದಿಲ್ಲ. ಪಾವತಿಯ ಸ್ಕ್ರೀನ್‌ಶಾಟ್ ನೋಡಿ ಕೀಲಿ ಕೊಡಬೇಡಿ, ನಿಮ್ಮ ಖಾತೆಯ ಬ್ಯಾಲೆನ್ಸ್ ನೋಡಿ ಕೊಡಿ. ಹಣ ಕಳಿಸುತ್ತೇನೆ, ಕ್ಯುಆರ್ ಸ್ಕ್ಯಾನ್ ಮಾಡಿ ಪಿನ್ ಒತ್ತಿ ಅಂದವನು ಕಳ್ಳ. ಹಣ ಪಡೆಯಲು ಪಿನ್ ಬೇಕಿಲ್ಲ. ಹಿರಿಯರು ಸಂಚಕಾರ ಅನ್ನುವ ಅಡ್ವಾನ್ಸ್ ಪಡೆದರೆ ಎಷ್ಟು ದಿನಕ್ಕೆ, ಬರದಿದ್ದರೆ ಏನು ಅಂತ ಎರಡು ಸಾಲು ಬರೆದು ಸಹಿ ಮಾಡಿಸಿ.

ಕೀಲಿ ಕೊಡುವಾಗ ಡೆಲಿವರಿ ನೋಟು ಎರಡು ಪ್ರತಿ. ಅದರಲ್ಲಿ ತಾರೀಕಿನ ಜೊತೆ ಗಂಟೆ ನಿಮಿಷವೂ ಇರಲಿ, ಆ ಗಳಿಗೆಯಿಂದ ಮುಂದಿನ ದಂಡ, ಅಪಘಾತ, ಪೊಲೀಸ್ ಕೇಸು ಕೊಂಡವರದು ಅಂತ. ಚಾಸಿ ನಂಬರ್, ಎಂಜಿನ್ ನಂಬರ್, ಮೀಟರ್ ರೀಡಿಂಗ್, ಇಬ್ಬರು ಸಾಕ್ಷಿಗಳ ಸಹಿ. ನಿಮ್ಮ ದೋಷಗಳ ಹಾಳೆಗೂ ಅವನ ಸಹಿ ಹಾಕಿಸಿ ಲಗತ್ತಿಸಿ, ಮರುವಾರ "ಬುಷ್ ಸೌಂಡ್ ಬರ್ತೈತ್ರಿ" ಅಂತ ಫೋನ್ ಬರುವುದಿಲ್ಲ. ಫಾಸ್ಟ್ಯಾಗ್ ಅವತ್ತೇ ಕ್ಲೋಸ್ ಮಾಡಿ. ಮರೆತರೆ ಮರುದಿನ ಹೈವೇ ಟೋಲಿನಲ್ಲಿ ನಿಮ್ಮ ಖಾತೆಯಿಂದ ದುಡ್ಡು ಹೋದ ಮೆಸೇಜು ಬರುತ್ತದೆ. ಗಾಡಿಯಲ್ಲಿ ಜೋಡಿಸಿದ ನಿಮ್ಮ ಫೋನಿನ ಬ್ಲೂಟೂತ್ ಅಳಿಸಿ, ಡ್ಯಾಶ್‌ಬೋರ್ಡಿನ ಡಬ್ಬಿಯಲ್ಲಿ ಮನೆ ವಿಳಾಸದ ಹಳೆ ಬಿಲ್ಲು ಬಿಡಬೇಡಿ.

ತಿಂಗಳು ಕಳೆದ ಮೇಲೆ ಎಂಪರಿವಾಹನ್ ಆ್ಯಪಿನಲ್ಲಿ ಗಾಡಿ ನಂಬರ್ ಹಾಕಿ ನೋಡಿ. ಮಾಲೀಕರ ಹೆಸರಿನ ಒಂದೆರಡು ಅಕ್ಷರ ಮಾತ್ರ ಕಾಣುತ್ತದೆ, ಉಳಿದದ್ದು ನಕ್ಷತ್ರ ಚುಕ್ಕಿ. ಅಷ್ಟು ಸಾಕು, ಅದು ನಿಮ್ಮ ಹೆಸರಿನ ಅಕ್ಷರವೋ ಬೇರೆಯದೋ ತಿಳಿಯುತ್ತದೆ. ಇನ್ನೂ ನಿಮ್ಮದೇ ಇದ್ದರೆ ಕೊಂಡವರಿಗೆ ಒಂದು ಸಲ ಫೋನ್ ಮಾಡಿ. ಎರಡನೇ ಸಲ ಮಾಡುವ ಬದಲು ಡೆಲಿವರಿ ನೋಟಿನ ಪ್ರತಿ, ಫಾರ್ಮ್ 29ರ ಪ್ರತಿ ಲಗತ್ತಿಸಿ ಆರ್‌ಟಿಒಗೆ ಪತ್ರ ಕೊಟ್ಟು ಸ್ವೀಕೃತಿಯ ಸೀಲು ಹಾಕಿಸಿಕೊಂಡು ಬನ್ನಿ.